ನಡುವೆ ನಿಂತ ದ್ರಾಕ್ಷಿರಸ

"ಉಪ್ಪು ಹಾಕುವುದಿರಲಿ, ಹರವಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಬಾರದು ಮೋನೇ," ಎಂದರು ತೋಟದ ಹಳೆಯ ಕೆಲಸಗಾರ ಅಬ್ದುಲ್ಲ ಕುಂಞಿ. "ರಸ ತಾನಾಗಿಯೇ ಹುಳಿಗೆ ತಿರುಗಬೇಕು."

ಅವರ ಜೊತೆ ಕೆಲಸಕ್ಕಿದ್ದ ಸಿದ್ದೀಕ್ ನಕ್ಕ. "ಎಂತ ಕಾಕ, ಹರವಿಗೂ ನಾಚಿಕೆ ಉಂಟಾ?"

ಸೌದಿಯ ತಾಯಿಫಿನ ಬೆಟ್ಟದ ಆ ದ್ರಾಕ್ಷಿ ತೋಟ ಆರು ತಲೆಮಾರಿನಿಂದ ಒಂದೇ ಮನೆತನದ್ದು. ಕಪ್ಪುಗೆಂಪು ಹಣ್ಣಿನ ರಸವನ್ನು ನೆಲಮಾಳಿಗೆಯ ಹರವಿಗಳಲ್ಲಿ ತುಂಬಿಟ್ಟರೆ ಅದು ನಿಧಾನವಾಗಿ ಸಿರ್ಕವಾಗಿ, ಊಟದ ಹುಳಿಯಾಗಿ ಇಳಿಯುತ್ತಿತ್ತು. ಆದರೆ ಸಿಹಿ ಕಳೆದು ಹುಳಿ ಹಿಡಿಯುವ ನಡುವೆ ಕೆಲವು ವಾರ ಅದು ಮದ್ಯವೇ. ತಾನಾಗಿ ಹುಳಿಗೆ ತಿರುಗಿದರೆ ಹಲಾಲ್, ಉಪ್ಪು ಸುರಿದು ತಿರುಗಿಸಿದರೆ ಅಲ್ಲ ಎಂಬುದನ್ನು ಸಿದ್ದೀಕನೂ ಪುತ್ತೂರಿನ ಮದ್ರಸದಲ್ಲಿ ಕಲಿತವನೇ.

"ನಗಬೇಡ," ಎಂದರು ಮುದುಕ, ಸ್ವರ ತಗ್ಗಿಸಿ. "ಈ ತೋಟದವರ ಮುತ್ತಜ್ಜ ಆ ನಡುವಿನ ರಸವನ್ನೇ ಕದ್ದು ತುರ್ಕಿ ಸಿಪಾಯಿಗಳಿಗೆ ಮಾರ್ತಿದ್ದ. ಗುಟ್ಟು ಹೊರಗೆ ಬೀಳ್ತದೆ ಅಂತ ಸೊಸೆಯ ಹೆರಿಗೆಗೆ ಸೂಲಗಿತ್ತಿಯನ್ನು ಒಳಗೆ ಬಿಡಲಿಲ್ಲ. ಮಗು ಒಳಗೂ ಇಲ್ಲ, ಹೊರಗೂ ಇಲ್ಲ, ಆ ಸೊಸೆ ಹಾಗೆಯೇ ಸತ್ತುಹೋದಳು. ಅವಳ ತಾಯಿ ಬಂದು ಕರಿ ಆಡಿನ ಕೂದಲಿಗೆ ಗಂಟು ಹಾಕಿ, ಊದಿ, ಈ ಮಾಳಿಗೆಯಲ್ಲಿ ಹೂತಳು. ನಡುವಿನಲ್ಲಿ ಈ ರಸಕ್ಕೆ ಕೈ ಹಾಕಿದವನ ಮನೆಯ ಹೆರಿಗೆ ನಡುವೆಯೇ ನಿಲ್ಲಲಿ ಅಂತ."

ಎಂಬತ್ನಾಲ್ಕರ ಆ ಬೇಸಿಗೆಯಲ್ಲಿ ಊರಲ್ಲಿ ಸಿದ್ದೀಕನ ಹೆಂಡತಿ ಮೈಮೂನತಳಿಗೆ ದಿನ ತುಂಬಿತ್ತು. ಹರವಿಗಳು ಅಂಗಡಿಗೆ ಹೋದ ಮರುದಿನವೇ ತನ್ನಲ್ಲಿಟ್ಟುಕೊಂಡ ಪಾಸ್‌ಪೋರ್ಟ್ ಕೊಡುವೆನೆಂದು ತೋಟದ ಯಜಮಾನ, ಅವನ ಕಫೀಲ್, ಮಾತು ಕೊಟ್ಟಿದ್ದ. ಮಗುವಿನ ಕಿವಿಯಲ್ಲಿ ತಾನೇ ಬಾಂಗ್ ಕೊಡಬೇಕೆಂಬ ಆಸೆ ಸಿದ್ದೀಕನಿಗೆ. ತಾನಾಗಿ ಹುಳಿ ಹಿಡಿಯುವವರೆಗೆ ಕಾಯುವಷ್ಟು ದಿನ ಅವನಲ್ಲಿ ಇರಲಿಲ್ಲ; ಉಪ್ಪು ಬಿದ್ದರೆ ಬೇಗ ತಿರುಗುತ್ತದೆ.

ಅಬ್ದುಲ್ಲ ಕುಂಞಿ ಪೇಟೆಗೆ ಹೋದ ಮಧ್ಯಾಹ್ನ ಅವನು ಉಪ್ಪಿನ ಚೀಲ ಹಿಡಿದು ಮೆಟ್ಟಿಲಿಳಿದ. ಹೊರಗಿನ ಬಿಸಿಲು ಮೂರನೆಯ ಮೆಟ್ಟಿಲಿಗೇ ಮುಗಿದಿತ್ತು. ಕೊಳೆತ ಹೂವಿನ, ಹಸಿಮಣ್ಣಿನ ವಾಸನೆ ಗಂಟಲಿಗೆ ಅಂಟಿತು. ಕತ್ತಲಲ್ಲಿ ಹರವಿಗಳು ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು. ಮೊದಲನೆಯದರ ಬಟ್ಟೆ ಬಿಚ್ಚಿ, ಉಪ್ಪು ಸುರಿದು, ಕೈಯಲ್ಲೇ ಕಲಕಿದ.

ಗುಂಯ್ ನಿಂತಿತು. ಎಲ್ಲ ಹರವಿಗಳದ್ದೂ, ಒಟ್ಟಿಗೆ.

ಆಮೇಲೆ ಆ ಒಂದು ಹರವಿಯೊಳಗಿಂದ ಯಾರೋ ಹಲ್ಲು ಕಚ್ಚಿ ತಿಣುಕುವ ಸದ್ದು ಬಂತು. ಸಿದ್ದೀಕ್ ಚೀಲ ಬಿಟ್ಟು ಓಡಿದ.

ಮರುದಿನ ತೋಟದ ಮನೆಗೆ ಫೋನ್ ಬಂತು. ಹೆಂಡತಿಯ ತಮ್ಮ ಮೊಹಿದ್ದೀನ್. "ಭಾವ, ನಿನ್ನೆ ಮಧ್ಯಾಹ್ನದಿಂದ ನೋವು. ಮಗುವಿನ ತಲೆ ಕಾಣ್ತದೆ, ಮುಂದೆ ಬರುವುದಿಲ್ಲ. ಡಾಕ್ಟರಿಗೂ ಎಂತ ಅಂತ ಗೊತ್ತಾಗುವುದಿಲ್ಲ. ನೀವು ದುಆ ಮಾಡಿ."

ಅಬ್ದುಲ್ಲ ಕುಂಞಿ ಬೈಯಲಿಲ್ಲ. ಸಿದ್ದೀಕನ ಕೈಯನ್ನು ಮೂಸಿ ನೋಡಿದರು, ಅಷ್ಟೇ. "ಕೈಕಾಲು ತೊಳೆದು ವುಝೂ ಮಾಡು," ಎಂದರು. "ನಾನು ಓದ್ತೇನೆ. ನಡುವೆ ನಿಲ್ಲಿಸಿದವನು ನೀನು, ಹರವಿಗೆ ಕೈ ಹಾಕಿ ನೀನೇ ಎಳೆಯಬೇಕು."

ಮಾಳಿಗೆಯಲ್ಲಿ ಮುದುಕ ರಕ್ಷೆ ಬೇಡುವ ಸೂರಾಗಳನ್ನು ಮೆಲ್ಲಗೆ ಓದತೊಡಗಿದರು. ಸಿದ್ದೀಕ್ ಉಪ್ಪು ಸುರಿದ ಹರವಿಗೆ ಭುಜದವರೆಗೆ ತೋಳು ಇಳಿಸಿದ. ರಸ ರಕ್ತದಂತೆ ಬೆಚ್ಚಗಿತ್ತು. ತಳ ಸಿಗಲಿಲ್ಲ. ಹರವಿಯ ಎತ್ತರ ಅವನ ಮೊಣಕಾಲಿನಷ್ಟೇ. ಆದರೂ ತಳವಿಲ್ಲ.

ಒಂದು ಕೈ ಸಿಕ್ಕಿತು.

ದೊಡ್ಡ ಕೈ. ಬೆರಳ ತುದಿಗಳು ದಡ್ಡುಗಟ್ಟಿದ್ದವು. ಬೀಡಿ ಕಟ್ಟಿ ಕಟ್ಟಿ ಆದ ದಡ್ಡು. ಅವನಿಗೆ ಗುರುತಿತ್ತು. ಬಿಗಿಯಾಗಿ ಹಿಡಿದ. ಎಳೆದ. ಬರಲಿಲ್ಲ. ಮತ್ತೆ ಎಳೆದ. ಆ ಕೈ ಅವನ ಹಿಡಿತದಿಂದ ತನ್ನನ್ನು ಬಿಡಿಸಿಕೊಂಡಿತು. ಏನನ್ನೋ ಅವನ ಅಂಗೈಗೆ ಒತ್ತಿತು. ಪುಟ್ಟದು. ಮೆತ್ತಗಿನದು. ಐದು ಬೆರಳು. ಅವು ಅವನ ಹೆಬ್ಬೆರಳನ್ನು ಸುತ್ತಿ ಹಿಡಿದವು.

"ಮೈಮೂ," ಎಂದ ಅವನು. ದೊಡ್ಡ ಕೈಗಾಗಿ ತಡಕಾಡಿದ. ಇರಲಿಲ್ಲ.

"ಎಳಿ ಮೋನೇ," ಎಂದರು ಅಬ್ದುಲ್ಲ ಕುಂಞಿ, ಓದು ನಿಲ್ಲಿಸಿ. "ಸಿಕ್ಕಿದ್ದನ್ನು ಎಳಿ."

ಎಳೆದ. ಹರವಿ ನಡುವಿನಲ್ಲಿ ಸೀಳಿತು. ಕೆಂಪು ರಸ ನೆಲವೆಲ್ಲ ಹರಿಯಿತು. ಅವನ ಮುಷ್ಟಿಯಲ್ಲಿ ಏನೂ ಇರಲಿಲ್ಲ.

ಮೇಲೆ ಫೋನ್ ಬಡಿದುಕೊಳ್ಳುತ್ತಿತ್ತು. ಅಬ್ದುಲ್ಲ ಕುಂಞಿಯೇ ಎತ್ತಿದರು. ಬಹಳ ಹೊತ್ತು ಕೇಳಿಸಿಕೊಂಡರು.

"ಹೆಣ್ಣು ಮಗು. ಚೆನ್ನಾಗಿ ಅಳ್ತಾ ಉಂಟಂತೆ," ಎಂದರು.

ಸಿದ್ದೀಕ್ ಬಾಗಿಲಿಗೆ ಬಂದು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಮುದುಕರು ರಿಸೀವರನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು.

"ನೀನು ಬರುವವರೆಗೆ ಮೈಮೂನತಳ ಮಯ್ಯತ್ತನ್ನು ಹೂಳದೆ ಇಡಬೇಕಾ ಅಂತ ಮೊಹಿದ್ದೀನ್ ಕೇಳ್ತಾನೆ."

ಪಾಸ್‌ಪೋರ್ಟ್ ಇನ್ನೂ ಕಫೀಲನ ಪೆಟ್ಟಿಗೆಯಲ್ಲಿತ್ತು. ಸಿದ್ದೀಕ್ ಅಡ್ಡ ತಲೆಯಾಡಿಸಿದ.

"ಕಾಯುವುದು ಬೇಡ ಅಂತ ಹೇಳಿ ಕಾಕ. ಮಗುವಿಗೆ ಬಾಂಗನ್ನು ಅವನೇ ಕೊಡಲಿ."