ಬೆಳ್ಳಿ ಫಲಕದ ಮುತ್ತಜ್ಜಿ

“ಅಯ್ಯೋ, ಒರೆಸಿಬಿಟ್ರಾ?”

ಅವಳ ದನಿಗೆ ಪ್ರಯೋಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮ್ಯೂಸಿಯಂನಲ್ಲಿ ಹಳೆಯ ಫೋಟೋಗಳನ್ನು ಜೋಪಾನ ಮಾಡುವ ಕೆಲಸ ಅವಳದು. ಬೆಳಗ್ಗೆ ತಾನೇ ತಂದುಕೊಟ್ಟಿದ್ದ ನೂರೆಪ್ಪತ್ತು ವರ್ಷದ ಬೆಳ್ಳಿ ಫಲಕ ಈಗ ಅವನ ಕೈಯಲ್ಲಿತ್ತು. ಅದರೊಳಗಿದ್ದ ಹೆಂಗಸಿನ ಮುಖ ಮಾತ್ರ ಇರಲಿಲ್ಲ. ಬರೀ ಕನ್ನಡಿ.

ಅವನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುವವನು. ಅಲ್ಲಿ ಎಲ್ಲರ ಬಾಯಲ್ಲೂ ‘ಸೂಕ್ಷ್ಮ ಸಾಹೇಬ’.

“ಒರೆಸೋದಿರ್ಲಿ, ಅದರ ಮುಂದೆ ಉಸಿರಾಡೋಕೂ ಹೆದರ್ತಾ ಇದ್ದೀನಿ. ನನ್ನ ಬಿಳಿ ಕೋಟು ಅದರಲ್ಲಿ ಕಾಣ್ತಿದೆ, ಅಷ್ಟೇ. ಸ್ವಲ್ಪ ಈ ಕಡೆ ಬನ್ನಿ. ನಿಮ್ಮ ಸ್ವೆಟರ್ ಕಪ್ಪಗಿದೆಯಲ್ಲ?”

ಅವಳು ಪಕ್ಕಕ್ಕೆ ಬಂದಳು. ಅವನು ಫಲಕವನ್ನು ಅವಳ ಕಡೆ ವಾಲಿಸಿದ. ಕಪ್ಪು ಉಣ್ಣೆಯ ನೆರಳು ಬಿದ್ದದ್ದೇ ತಡ, ಹಣೆ ಮೂಡಿತು, ಕಣ್ಣು ಮೂಡಿದವು, ತುಟಿಯಂಚಿನ ಅರೆನಗೆ ಮೂಡಿತು.

“ಇದನ್ನ ನಾನೇ ಎಲ್ಲರಿಗೂ ಪಾಠ ಮಾಡ್ತೀನಿ,” ಅವಳ ಕೆನ್ನೆ ಕೆಂಪಾಯಿತು. “ಗಾಬರೀಲಿ ತಲೆ ಓಡ್ಲಿಲ್ಲ. ಸಾರಿ.”

“ಪರವಾಗಿಲ್ಲ. ಇಲ್ಲಿ ಯಂತ್ರ ಬಿಟ್ರೆ ಯಾರೂ ದನಿ ಎತ್ತಲ್ಲ. ಕೇಳೋಕೆ ಚೆನ್ನಾಗಿತ್ತು.”

ಫಲಕ ನೋಡುತ್ತಿದ್ದ ಅವನ ಕಣ್ಣು ಒಂದು ಗಳಿಗೆ ಜಾರಿ ಅವಳ ಮೇಲೆ ನಿಂತಿತು. ಅವಳು ಕಂಡರೂ ಕಾಣದವಳಂತೆ ಕೈಗವಸು ಸರಿಮಾಡಿಕೊಂಡಳು.

ಅವಳ ಗಾಬರಿಗೆ ಕಾರಣವಿತ್ತು. ಬೆಳ್ಳಿ ಫಲಕದ ಮೇಲೆ ತೆಗೆದ ಇಂಥ ಫೋಟೋಗೆ ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿಯೂ ಇಲ್ಲ. ಅದನ್ನು ಮ್ಯೂಸಿಯಂಗೆ ಕೊಟ್ಟಿದ್ದ ಅಜ್ಜಿಗೆ ಎಂಬತ್ತಾರು ವರ್ಷ. ಫಲಕದಲ್ಲಿದ್ದವರು ಆಕೆಯ ಮುತ್ತಜ್ಜಿ. “ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತೀನಿ ಅಜ್ಜಿ,” ಎಂದು ಮಾತು ಕೊಟ್ಟವಳು ಅವಳೇ. ಆದರೆ ಪ್ರದರ್ಶನದ ದೀಪಗಳ ಕೆಳಗೆ ಎರಡೇ ತಿಂಗಳಲ್ಲಿ ಬಿಳಿ ಮಂಜಿನಂಥ ಪೊರೆ ಎದ್ದು ಭುಜಗಳನ್ನು ನುಂಗಿ ಗಲ್ಲದವರೆಗೆ ಬಂದಿತ್ತು. ಶುಕ್ರವಾರ ರಾಸಾಯನಿಕದಲ್ಲಿ ತೊಳೆದುಬಿಡೋಣ ಎಂದಿದ್ದರು ಮ್ಯೂಸಿಯಂ ಮುಖ್ಯಸ್ಥರು. ತೊಳೆದರೆ ಮುಖವೂ ಹೋದೀತೆಂಬ ಭಯ ಅವಳಿಗೆ. ಭಯವೊಂದೇ ಇತ್ತು, ಪುರಾವೆ ಇರಲಿಲ್ಲ.

“ಬೇರೆ ಲ್ಯಾಬಿನವರು ಮೂಲೆ ಕತ್ತರಿಸಿ ಒಂದು ಚೂರು ಕೊಡಿ ಅಂದ್ರು,” ಎಂದಳು ಮೆಲ್ಲಗೆ. “ಇಡೀ ಫಲಕ ಮೈಕ್ರೋಸ್ಕೋಪಲ್ಲಿ ಹಿಡಿಸಲ್ವಂತೆ.”

ಅವನು ಫಲಕ ನೋಡಿದ, ಅವಳನ್ನು ನೋಡಿದ. “ಕತ್ತರಿಸೋ ಮಾತು ಬೇಡ. ಎರಡು ದಿನ ಕೊಡಿ.”

ಬುಧವಾರ ಅವಳು ಬಂದಾಗ ಅವನ ಹೆಬ್ಬೆರಳಿಗೆ ಬ್ಯಾಂಡೇಜ್. ಪಕ್ಕದಲ್ಲಿ ಅಲ್ಯೂಮಿನಿಯಂನ ತೆಳ್ಳನೆಯ ಹೊಸ ಚೌಕಟ್ಟು. ಇಡೀ ಫಲಕ ಮೈಕ್ರೋಸ್ಕೋಪಿನೊಳಗೆ ಕೂರುವಂತೆ ಅವನೇ ಉಜ್ಜಿ ಉಜ್ಜಿ ಮಾಡಿದ್ದ.

“ರಜಾ ಹಾಕಿ ಮಾಡಿದ್ರಂತೆ? ಯಾರು ಮಾಡೋಕೆ ಹೇಳಿದ್ರು ನಿಮಗೆ?”

“ಮುತ್ತಜ್ಜಿ.”

ನಗಬೇಕೆಂದುಕೊಂಡಳು. ಕಣ್ಣು ಮತ್ತೆ ಆ ಬ್ಯಾಂಡೇಜಿನ ಮೇಲೆ ಹೋಯಿತು.

ಪರದೆಯ ಮೇಲೆ ಚಿತ್ರ ಬಂತು. ಕಪ್ಪು ನೆಲದ ತುಂಬ ಬೆಳ್ಳನೆಯ ಕಣಗಳು, ಯಾರೋ ರವೆ ಚೆಲ್ಲಿದ ಹಾಗೆ.

“ಇದು ಅವರ ಕೆನ್ನೆ,” ಎಂದ ಅವನು. “ಬೆಳ್ಳಿ, ಪಾದರಸ ಸೇರಿ ಆದ ಕಣಗಳು. ಒಂದು ಕೂದಲಿನ ಅಗಲದಲ್ಲಿ ನೂರಾರು ನಿಲ್ಲಿಸಬಹುದು. ಬೆಳಕು ಜಾಸ್ತಿ ಬಿದ್ದ ಕಡೆ ಕಣ ಒತ್ತೊತ್ತಾಗಿವೆ, ಬೆಳಕನ್ನ ಚೆದುರಿಸಿ ಬೆಳ್ಳಗೆ ಕಾಣ್ತವೆ. ಕೂದಲಿನ ಕಡೆ ನೋಡಿ, ಅಲ್ಲೊಂದು ಇಲ್ಲೊಂದು. ಬಣ್ಣ ಅನ್ನೋದೇ ಇಲ್ಲ, ಮೇಡಂ. ಮುಖ ಅಂದ್ರೆ ಈ ಕಣಗಳ ಲೆಕ್ಕಾಚಾರ, ಅಷ್ಟೇ.”

“ಮತ್ತೆ ಪೊರೆ?”

ಅವನು ಗಲ್ಲದ ಕಡೆ ಸರಿಸಿದ. ದೊಡ್ಡ ಕಣಗಳು ಹಾಗೇ ಇದ್ದವು. ಅವುಗಳ ನಡುವೆ, ಮೇಲೆ, ಹಿಟ್ಟಿನಷ್ಟು ನುಣ್ಣಗಿನ ಹೊಸ ಬೆಳ್ಳಿ ಕೂತಿತ್ತು.

“ದೀಪದ ಬೆಳಕಿಗೆ ಹುಟ್ಟಿದ್ದು ಇದು. ಮುಖದ ಕಣವೂ ಬೆಳ್ಳಿ, ಇದೂ ಬೆಳ್ಳಿ. ನಿಮ್ಮ ರಾಸಾಯನಿಕಕ್ಕೆ ಯಾವುದನ್ನ ಬಿಡಬೇಕು ಅಂತ ಹೇಗೆ ಗೊತ್ತಾಗುತ್ತೆ? ನಿಮ್ಮ ಭಯ ಸರಿಯಾಗೇ ಇತ್ತು.”

ಎರಡು ತಿಂಗಳಿಂದ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಅವನು ಪರದೆಯ ಕಡೆಗೇ ಮುಖ ಮಾಡಿಕೊಂಡು, ಅವಳು ಕಣ್ಣೊರೆಸಿಕೊಳ್ಳುವಷ್ಟು ಹೊತ್ತು ಸುಮ್ಮನೆ ಗುಂಡಿ ಒತ್ತುತ್ತಾ ಕೂತ. ಅದೂ ಅವಳಿಗೆ ತಿಳಿಯಿತು.

ಗುರುವಾರ ಇಬ್ಬರೂ ವರದಿ ಹಿಡಿದು ಮುಖ್ಯಸ್ಥರ ಮುಂದೆ ನಿಂತರು. ಅವರು ಚಿತ್ರಗಳನ್ನು ಬಹಳ ಹೊತ್ತು ನೋಡಿ, “ದುಡುಕಿಬಿಡ್ತಿದ್ದೆ,” ಎಂದು ಕನ್ನಡಕ ತೆಗೆದರು. ಫಲಕ ಗಾಳಿಯಾಡದ ಪೆಟ್ಟಿಗೆಗೆ ಹೋಯಿತು, ಕತ್ತಲಿಗೆ. ಭುಜಗಳು ಮತ್ತೆ ಬರಲಿಲ್ಲ. ಮುಖ ಉಳಿಯಿತು.

ನೋಡಲು ಬಂದ ಅಜ್ಜಿ ಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸುವಷ್ಟು ಬಾಗಿದರು. “ನನ್ನ ಮೊಮ್ಮಗಳ ಮೂಗು ಇದೇ ಕಣ್ರೀ! ಎಲ್ಲಿಂದ ಬಂತು ಅಂತಿದ್ವಿ.” ಆಮೇಲೆ ಪಕ್ಕದಲ್ಲಿ ನಿಂತಿದ್ದ ಇಬ್ಬರ ಕೈಯನ್ನೂ ಹಿಡಿದು, “ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಗಂಡ ಹೆಂಡ್ತಿ ಒಂದೇ ಕೆಲಸದಲ್ಲಿದ್ರೆ ಹೀಗೇ ನೋಡಿ, ಚೆಂದ,” ಎಂದರು.

ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು. ಅಲ್ಲ ಎಂದು ಯಾರೂ ಹೇಳಲಿಲ್ಲ.

ಮುಂದಿನ ವಾರ ಅವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು.

“ಥ್ಯಾಂಕ್ಸ್ ಹೇಳೋಣ ಅಂತ…”

“ನಾಲ್ಕು ಸಲ ಹೇಳಾಯ್ತು.” ಅವನು ನಗಲು ನೋಡಿದ, ಆಗಲಿಲ್ಲ. “ಒಂದು ಮಾತು. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಆದ್ರೆ ಋಣ ಅಂದ್ಕೊಂಡು ನೀವು ಹೂಂ ಅನ್ನೋದು ಬೇಡ. ಅದಕ್ಕೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ.”

ಅವಳು ಒಳಗೆ ಬಂದು ಅವನೆದುರಿನ ಸ್ಟೂಲ್ ಎಳೆದು ಕೂತಳು.

“ಕೃತಜ್ಞತೆ ಇದ್ದೇ ಇದೆ, ಸಾಯೋವರೆಗೂ ಇರುತ್ತೆ. ಅದಕ್ಕೆ ಮ್ಯೂಸಿಯಂ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆದು ಪೋಸ್ಟ್‌ಗೆ ಹಾಕಿದ್ದೀನಿ, ನಾಳೆ ಬರುತ್ತೆ,” ಎಂದಳು. “ಎರಡು ಬಸ್ಸು ಬದಲಾಯಿಸಿ ಇಲ್ಲಿವರೆಗೂ ಬಂದಿರೋದು ಬೇರೆ ವಿಷಯಕ್ಕೆ.”