ಮೊಸಳೆಯಾಗಬೇಕಿದ್ದ ಅಪ್ಪ

"ಅಮ್ಮಾ, ಇದು ನನ್ನ ಬ್ಯಾಗಲ್ಲ!"

ಲಾಡ್ಜಿನ ಮಂಚದ ಮೇಲೆ ಕೂತಿದ್ದ ಬಟನ್ ಎಂಬ ಹುಡುಗಿ ಬ್ಯಾಗಿನೊಳಗೆ ಮೊಣಕೈವರೆಗೂ ಕೈ ಹಾಕಿದ್ದಳು. ಮೊದಲು ಸಿಕ್ಕಿದ್ದು ಒಂದು ಖಾಕಿ ಚೂರು. ಆಮೇಲೆ ಒಂದು ಬಿಳಿ ಚೂರು. ಆಮೇಲೆ ಹಸಿರು ಚೌಕಳಿಯ ಉದ್ದನೆಯ ಪಟ್ಟಿ.

"ಸರಿಯಾಗಿ ನೋಡೇ, ಕೆಳಗಿರುತ್ತೆ," ಅಂದಳು ಅಮ್ಮ. ಅವಳು ಗೋಡೆಗೆ ಒರಗಿ ಪಾಪುವಿಗೆ ಹಾಲು ಕುಡಿಸುತ್ತಿದ್ದಳು.

ಬಟನ್ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದಳು. ಮಂಚದ ಮೇಲೆ ಬಣ್ಣಬಣ್ಣದ ರಾಶಿ ಬಿತ್ತು. ಎಲ್ಲ ಚೂರುಬಟ್ಟೆ. ಅವಳ ಒಂದು ಅಂಗಿಯೂ ಇಲ್ಲ, ಚಡ್ಡಿಯೂ ಇಲ್ಲ.

"ಹೋ!" ಎಂದು ಕೂಗಿ ಅವಳ ತಮ್ಮ ರಾಶಿಯೊಳಕ್ಕೆ ಧುಮುಕಿದ. ಅವನಿಗೆ ಎರಡು ವರ್ಷ. ದಾರದ ಉಂಡೆಯ ಹಾಗೆ ದುಂಡಗಿದ್ದ, ಹಾಗೇ ಉರುಳುತ್ತಲೂ ಇದ್ದ. ಅದಕ್ಕೇ ಎಲ್ಲರಿಗೂ ಅವನು ಉಂಡೆ.

ಕುಡಿಯುವ ನೀರು ತರಲು ಹೋಗಿದ್ದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ಅಯ್ಯಯ್ಯೋ! ಇದು ದಿಂಬಿಗೆ ತುಂಬೋಕೆ ಇಟ್ಟಿದ್ದ ಬ್ಯಾಗು!"

ಅಪ್ಪ ದರ್ಜಿ. ಮಗಳನ್ನು ಬಟನ್ ಎಂದು ಕರೆಯಲು ಶುರುಮಾಡಿದ್ದೂ ಅವನೇ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹಿಂದೊಮ್ಮೆ ಯಾರದೋ ಪರದೆ ಹೊಲಿದು ಮಿಕ್ಕ ಪಟ್ಟೆ ಬಟ್ಟೆಯಲ್ಲಿ ಅವನು ಮನೆಗೆಂದು ಬ್ಯಾಗುಗಳನ್ನು ಹೊಲಿದಿದ್ದ. ಎಲ್ಲ ಒಂದೇ ಬಣ್ಣ, ಒಂದೇ ಅಳತೆ. ಒಂದರಲ್ಲಿ ಬಟ್ಟೆ, ಒಂದರಲ್ಲಿ ಆಟದ ಸಾಮಾನು, ಒಂದರಲ್ಲಿ ಚೂರು.

"ಹೊರಡೋವಾಗ ನಾನು ಎಣಿಸಿದೆನಲ್ರೀ," ಅಂದಳು ಅಮ್ಮ ಸಣ್ಣ ದನಿಯಲ್ಲಿ. "ಲೆಕ್ಕ ಸರಿಯಾಗಿತ್ತು."

"ಲೆಕ್ಕ ಸರಿಯಾಗೇ ಇದೆ ಕಣೇ. ಬ್ಯಾಗು ತಪ್ಪಿದೆ ಅಷ್ಟೆ," ಅಂದ ಅಪ್ಪ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ಕಿಟಕಿಯಾಚೆ ಸಮುದ್ರವಿತ್ತು. ಬಟನ್ ಹುಟ್ಟಿದ ಮೇಲೆ ಮನೆಯವರೆಲ್ಲ ಒಟ್ಟಿಗೆ ರಜೆಗೆಂದು ಹೊರಟಿದ್ದು ಇದೇ ಮೊದಲು. ಬಸ್ಸಿನಲ್ಲಿ ಉಂಡೆ ಅವಳ ಮೇಲೆ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಪಾಪು ದಾರಿಯುದ್ದಕ್ಕೂ ಅತ್ತಿತ್ತು. ಅವಳು ಒಂದು ಮಾತೂ ಆಡಿರಲಿಲ್ಲ. ಹೋದ ಕೂಡಲೇ ಸಮುದ್ರಕ್ಕೆ ಧುಮುಕುವುದು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

"ಪರವಾಗಿಲ್ಲ, ನಾನು ಹೀಗೇ ನೀರಿಗೆ ಹೋಗ್ತೀನಿ," ಅಂದಳು.

ಅಮ್ಮ ಅವಳ ಫ್ರಾಕ್ ನೋಡಿದಳು. ದಪ್ಪ ಜೀನ್ಸ್ ಬಟ್ಟೆಯದು. "ಇದು ಒಣಗೋಕೆ ಎರಡು ದಿನ ಬೇಕು. ಅಲ್ಲಿವರೆಗೂ ಟವಲ್ ಸುತ್ಕೊಂಡು ಕೂತಿರ್ತೀಯಾ?"

"ಹಾಗಾದ್ರೆ ಹೊಸದು ಕೊಡಿಸಿ!"

ಬಾಗಿಲಾಚೆ ನೆಲ ಒರೆಸುತ್ತಿದ್ದ ಲಾಡ್ಜಿನ ಅಜ್ಜಿ ತಲೆ ಒಳಗೆ ತೂರಿಸಿದಳು. "ಇಲ್ಲೆಲ್ಲಿ ಬಟ್ಟೆ ಅಂಗಡಿ ಮಗಾ? ಟೋಪಿ, ಚಪ್ಪಲಿ ಸಿಗುತ್ತೆ. ಬಟ್ಟೆ ಬೇಕಂದ್ರೆ ಪೇಟೆಗೇ ಹೋಗ್ಬೇಕು. ಬಸ್ಸು ನಾಳೆ ಬೆಳಿಗ್ಗೆ."

"ನಾಳೆ ನಾನೇ ಹೋಗಿ ತರ್ತೀನಿ," ಅಂದ ಅಪ್ಪ.

"ಹೋಗಿ ಬರೋ ಅಷ್ಟರಲ್ಲಿ ಸಂಜೆಯಾಗುತ್ತೆ. ನಾಡಿದ್ದು ಬೆಳಿಗ್ಗೆ ನಾವು ಹೊರಡ್ಬೇಕು," ಅಂದಳು ಅಮ್ಮ.

ಬಟನ್ ಮಂಚದ ಕೆಳಗಿದ್ದ ಉಳಿದ ಬ್ಯಾಗುಗಳನ್ನು ನೋಡಿದಳು. ಒಂದರ ತುಂಬ ಪಾಪುವಿನ ಡೈಪರ್. ಒಂದರ ತುಂಬ ಉಂಡೆಯ ಚಡ್ಡಿಗಳು. ಅವನ ಬಕೆಟ್ ಬಂದಿತ್ತು. ಕಿವಿ ಹರಿದ ಮೊಲವೂ ಬಂದಿತ್ತು.

"ಅವನ ಹರಕು ಮೊಲ ನೆನಪಿದೆ, ನಾನು ಮಾತ್ರ ನೆನಪಿಲ್ಲ! ಇವರಿಬ್ಬರೂ ಹುಟ್ಟೋಕೆ ಮುಂಚೆ ನೀವು ನನ್ನನ್ನ ಮರೀತಿರಲಿಲ್ಲ!"

ಉಂಡೆ ತಲೆಯ ಮೇಲೊಂದು ಖಾಕಿ ಚೂರು ಹೊದ್ದುಕೊಂಡು ಅವಳನ್ನೇ ನೋಡಿದ.

ಅಮ್ಮ ಪಾಪುವನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ಆಮೇಲೆ ಹೇಳಿದಳು: "ಉಂಡೆ ಎಲ್ಲಾ ಬ್ಯಾಗೂ ಬಿಚ್ಚಿ ಹಾಕ್ತಿದ್ದ. ನಿಂದು ಮಾತ್ರ ಕೆಡಿಸೋದು ಬೇಡ ಅಂತ ಮೇಲಿನ ಹಲಗೆ ಮೇಲೆ ಜೋಪಾನವಾಗಿ ಇಟ್ಟಿದ್ದೆ ಕಣೇ. ಅಲ್ಲೇ ಉಳೀತು."

ಬಟನ್ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಬೆನ್ನ ಹಿಂದೆ ಅಪ್ಪ ಚೂರುಗಳನ್ನು ಮಗುಚಿ ಹಾಕುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಅವನ ದನಿ: "ಅಜ್ಜೀ, ಒಂದು ಕತ್ತರಿ ಸಿಗುತ್ತಾ?"

"ರೀ!" ಅಂದಳು ಅಮ್ಮ.

ಆ "ರೀ" ಯಾಕೆಂದು ಬಟನ್‌ಗೆ ಗೊತ್ತಿತ್ತು. ಅಪ್ಪನಿಗೆ ತಿಂಗಳಿನಿಂದ ಭುಜದ ನೋವು. ಬಗ್ಗಿ ಹೊಲಿದು ಹೊಲಿದು ಕತ್ತು ಒಂದು ಕಡೆಗೆ ತಿರುಗುತ್ತಲೇ ಇರಲಿಲ್ಲ. ಕೈಗೆ ರೆಸ್ಟ್ ಕೊಡಿ ಎಂದು ಡಾಕ್ಟರು ಗದರಿದ್ದರು. ಅಂಗಡಿಗೆ ಬೀಗ ಹಾಕುವಾಗ ಅಮ್ಮ ಅವನ ಕೊರಳಲ್ಲಿದ್ದ ಟೇಪನ್ನು ತಾನೇ ತೆಗೆದು ಒಳಗಿಟ್ಟಿದ್ದಳು. ಬಸ್ಸಿನಲ್ಲಿ ಅಪ್ಪ ಮಾತು ಕೊಟ್ಟಿದ್ದ: "ವಾಪಸ್ ಬರೋವರೆಗೂ ಸೂಜಿ ಮುಟ್ಟಲ್ಲ. ಮರಳಿನ ಮೇಲೆ ಮೊಸಳೆ ತರ ಬಿದ್ಕೊಂಡಿರ್ತೀನಿ. ಮೊಸಳೆ ಏನು ಮಾಡುತ್ತೆ? ಏನೂ ಮಾಡಲ್ಲ. ಬಾಯಿ ತೆಗೆದು ಮಲಗುತ್ತೆ."

ಉಂಡೆಗೆ ಆ ಮಾತು ಬಹಳ ಹಿಡಿಸಿತ್ತು. ಆಮೇಲೆ ಬಸ್ಸಿನಲ್ಲಿದ್ದ ಎಲ್ಲರಿಗೂ "ಅಪ್ಪ ಮೊಚಳೆ! ಅಪ್ಪ ಮೊಚಳೆ!" ಎಂದು ಸಾರಿದ್ದ.

"ಮೊಸಳೆ ಸಂಜೆಯಿಂದ ಆಗ್ತೀನಿ ಬಿಡೇ," ಎಂದ ಅಪ್ಪ ಈಗ. "ಬಟನ್, ಎದ್ದು ನಿಂತ್ಕೋ."

"ಯಾಕೆ?"

"ಒಂದ್ಸಲ ತಿರುಗು."

ಅವಳು ಮುಖ ಊದಿಸಿಕೊಂಡೇ ಒಂದು ಸುತ್ತು ತಿರುಗಿದಳು. ಅಪ್ಪ ಮುಟ್ಟಲೂ ಇಲ್ಲ, ಗೇಣು ಹಾಕಲೂ ಇಲ್ಲ. ಸುಮ್ಮನೆ ನೋಡಿದ. "ಸಾಕು. ಯೂನಿಫಾರ್ಮ್ ಹೊಲಿದಾಗ ಇದ್ದಿದ್ದಕ್ಕಿಂತ ಒಂದು ಬೆರಳು ಎತ್ತರ ಆಗಿದ್ದೀಯ. ತೋಳು ಅರ್ಧ ಬೆರಳು."

ಬಟನ್ ತನ್ನ ತೋಳು ನೋಡಿಕೊಂಡಳು. ಅದು ಅವಳಿಗೇ ಗೊತ್ತಿರಲಿಲ್ಲ.

ಲಾಡ್ಜಿನ ಅಜ್ಜಿ ಅಡುಗೆಮನೆಯಿಂದ ಕತ್ತರಿ ತಂದಳು. "ತರಕಾರಿ ಕತ್ತರಿ. ಸೊಪ್ಪು ಕತ್ತರಿಸೋಕೇ ಅಳುತ್ತೆ. ನೋಡಪ್ಪ."

ಸೂಜಿದಾರ ಅಮ್ಮನ ಕೈಚೀಲದಲ್ಲೇ ಇತ್ತು. ದರ್ಜಿಯ ಹೆಂಡತಿ ಅದಿಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಅವಳು ಅದನ್ನು ಅಪ್ಪನ ಕೈಗೆ ಕೊಡುವ ಮುಂಚೆ ಒಂದು ಕ್ಷಣ ತಡೆದಳು. ಆಮೇಲೆ ಕೊಟ್ಟಳು.

ಅಪ್ಪ ಕಿಟಕಿಯ ಬೆಳಕಿಗೆ ನೆಲದ ಮೇಲೆ ಕೂತ. ಕತ್ತರಿ ನಿಜವಾಗಿಯೂ ಅಳುತ್ತಿತ್ತು, ಕೀಂಯ್ ಕೀಂಯ್ ಎಂದು. ಖಾಕಿ ಚೂರಿಗೆ ಬಿಳಿ ಚೂರು ಸೇರಿತು. ಬಿಳಿಗೆ ಹಸಿರು ಚೌಕಳಿ.

"ಇದು ಪೋಸ್ಟ್‌ಮ್ಯಾನ್ ಅಂಕಲ್ ಪ್ಯಾಂಟಿಂದು," ಎಂದಳು ಬಟನ್. ಮಾತಾಡಬಾರದು ಅಂದುಕೊಂಡಿದ್ದಳು, ಬಾಯಿ ಕೇಳಲಿಲ್ಲ. "ಇದು ನರ್ಸ್ ಆಂಟೀದು. ಇದು ನಮ್ಮ ಸ್ಕೂಲಿಂದು. ಅಪ್ಪಾ, ನಾನು ಜೋಕರ್ ತರ ಕಾಣ್ತೀನಿ!"

"ಜೋಕರ್ ಬಟ್ಟೆ ಹೊಲಿಯೋದು ಎಷ್ಟು ಕಷ್ಟ ಗೊತ್ತಾ? ದಾರ ಪೋಣಿಸು."

ಮನೆಯಲ್ಲೂ ಅದು ಅವಳದೇ ಕೆಲಸ. ಅಪ್ಪನಿಗೆ ಸೂಜಿಯ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅವಳು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದಳು. ಅದು ಮುಗಿದರೆ ಇನ್ನೊಂದು.

ಊಟ ಆಯಿತು. ಪಾಪು ಮಲಗಿತು. ಉಂಡೆ ಮಲಗಲಿಲ್ಲ. ಅವನು ಸೂಜಿ ಹಿಡಿಯಲು ಬಂದ. ಕತ್ತರಿ ಹಿಡಿಯಲು ಬಂದ. ಚೂರುಗಳನ್ನು ಕಿಟಕಿಯಿಂದ ಆಚೆ ಎಸೆಯಲು ಹೋದ. "ಅಕ್ಕಾ, ಉಪ್ಪುಮೂಟೆ! ಉಪ್ಪುಮೂಟೆ!" ಎಂದು ಅವಳ ಬೆನ್ನಿಗೆ ಜೋತುಬಿದ್ದ.

"ಹೋಗೋ ಆಚೆ!" ಎಂದು ಅವನನ್ನು ಎಳೆದು ಎಳೆದು ಕೂರಿಸುವುದರಲ್ಲೇ ಬಟನ್‌ಗೆ ಸಾಕಾಯಿತು.

ಅಪ್ಪ ತಲೆ ಎತ್ತಲಿಲ್ಲ. ನಡುನಡುವೆ ಸೂಜಿ ನಿಲ್ಲಿಸಿ ಬಲಭುಜವನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದ. ಬಟನ್ ನೋಡುತ್ತಿದ್ದಳು.

"ಅಪ್ಪಾ, ಸಾಕು. ತೋಳು ಇಲ್ದಿದ್ರೂ ನಡಿಯುತ್ತೆ."

"ಹಾಗಂದ್ರೆ ಸರಿ. ಗಿರಾಕಿ ಹೇಳಿದ ಹಾಗೆ."

ಬಿಸಿಲು ತಣ್ಣಗಾಗುವ ಹೊತ್ತಿಗೆ ಅಪ್ಪ ಕೊನೆಯ ದಾರವನ್ನು ಹಲ್ಲಿನಿಂದ ಕಡಿದ. ತೋಳಿಲ್ಲದ ಒಂದು ಅಂಗಿ, ಲಾಡಿ ಕಟ್ಟುವ ಒಂದು ಚಡ್ಡಿ. ಬಟನ್ ಬಚ್ಚಲಿಗೆ ಹೋಗಿ ಹಾಕಿಕೊಂಡು ಬಂದಳು.

ಮೈಗೆ ಅಂಟಿಸಿದ ಹಾಗೆ ಕೂತಿತ್ತು. ಆದರೆ ಚಡ್ಡಿಯ ಎಡಗಾಲು ಬಲಗಾಲಿಗಿಂತ ಉದ್ದವಿತ್ತು.

ಅಪ್ಪ ಹಣೆ ಚಚ್ಚಿಕೊಂಡ. "ಥೂ, ಆ ಕತ್ತರಿ! ಬಟನ್, ಇದನ್ನ ನಾನು ಹೊಲಿದಿದ್ದು ಅಂತ ಯಾರಿಗೂ ಹೇಳ್ಬೇಡ. ಅಂಗಡಿ ಮುಚ್ಚಬೇಕಾಗುತ್ತೆ."

ಅಮ್ಮ ನಕ್ಕಳು. ಬೆಳಿಗ್ಗೆಯಿಂದ ಅದೇ ಮೊದಲ ನಗು.

ಮರಳಿನ ಮೇಲೆ ಕಾಲಿಟ್ಟ ಕೂಡಲೇ ಬಟನ್ ಓಡಿದಳು. ಹಿಂದಿನಿಂದ ಅಮ್ಮ "ಮೊಣಕಾಲಷ್ಟು ನೀರಲ್ಲೇ ಇರು!" ಎಂದು ಕೂಗುತ್ತಿದ್ದಳು. ಮೊದಲ ಅಲೆ ಪಾದಕ್ಕೆ ಬಂತು. ಎರಡನೆಯದು ಅವಳನ್ನು ಕೂರಿಸಿಬಿಟ್ಟಿತು. ಬಾಯಿಗೆ ಉಪ್ಪುನೀರು ಹೋಯಿತು. ಅವಳು ಉಗುಳಿ, ಕಿರುಚಿ, ಮತ್ತೆ ಕೂತಳು.

ಪಕ್ಕದಲ್ಲಿ ಅವಳ ವಯಸ್ಸಿನವಳೇ ಒಬ್ಬಳು ಆಡುತ್ತಿದ್ದಳು. ಹೂವಿನ ಚಿತ್ರದ ಹೊಚ್ಚ ಹೊಸ ಸ್ವಿಮ್‌ಸೂಟ್ ಹಾಕಿದ್ದಳು. ಅವಳು ಬಟನ್‌ಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಚಡ್ಡಿ ಒಂದು ಕಾಲು ಉದ್ದ ಇದೆ."

"ಗೊತ್ತು," ಅಂದಳು ಬಟನ್.

"ಎಲ್ಲಿ ತಗೊಂಡಿದ್ದು?"

ಬಟನ್ ದಡದ ಕಡೆ ನೋಡಿದಳು. ಅಪ್ಪ ದೂರದಲ್ಲಿದ್ದ, ಕೇಳಿಸುವುದಿಲ್ಲ. ಆದರೂ ಅವಳು ಕೇಳಿಸುವಷ್ಟು ಜೋರಾಗಿಯೇ ಹೇಳಿದಳು: "ತಗೊಂಡಿದ್ದಲ್ಲ. ನಮ್ಮಪ್ಪ ಹೊಲಿದಿದ್ದು. ಇವತ್ತು. ಮೆಷಿನ್ ಇಲ್ಲ, ಟೇಪ್ ಇಲ್ಲ. ತರಕಾರಿ ಕತ್ತರೀಲಿ!"

ಆ ಹುಡುಗಿ ಸ್ವಲ್ಪ ಯೋಚಿಸಿದಳು. "ನಮ್ಮಪ್ಪಂಗೆ ಗುಂಡಿ ಹಾಕೋಕೂ ಬರಲ್ಲ," ಅಂದಳು.

ದೊಡ್ಡದೊಂದು ಅಲೆ ಬಂತು. ಬಟನ್ ಮೂಗು ಹಿಡಿದು ಅದರ ಮೇಲೆ ಹಾರಿದಳು, ಬೀಳಲಿಲ್ಲ! ಮೊದಲ ಸಲ ಬೀಳದೆ ನಿಂತಿದ್ದಳು. "ಅಪ್ಪಾ, ನೋಡ್ದ್ಯಾ?" ಎನ್ನುತ್ತ ತಿರುಗಿದಳು.

ಅಪ್ಪ ನೋಡಿರಲಿಲ್ಲ. ಮರಳಿನ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಬಾಯಿ ತೆರೆದಿತ್ತು. ಎದೆಯ ಮೇಲೆ ಪಾಪು ಕಪ್ಪೆಯ ಹಾಗೆ ಬೋರಲಾಗಿ ಮಲಗಿತ್ತು. ಪಕ್ಕದಲ್ಲಿ ಅಮ್ಮ ಅಪ್ಪನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳನ್ನು ನಿಧಾನವಾಗಿ ನೀವುತ್ತಿದ್ದಳು. ಅವಳು ಸಮುದ್ರ ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು.

ಆಗಲೇ ಬಟನ್‌ಗೆ ಉಂಡೆ ಕಂಡ. ಬಕೆಟ್ ತುಂಬ ನೀರು ತುಂಬಿಕೊಂಡು, ಎರಡೂ ಕೈಯಲ್ಲಿ ಹಿಡಿದು, ತುಳುಕಿಸುತ್ತ ಅಪ್ಪನ ತಲೆಯ ಹಿಂದಿನಿಂದ ಬರುತ್ತಿದ್ದ. ಅಮ್ಮನ ಬೆನ್ನು ಅವನ ಕಡೆಗಿತ್ತು.

"ಮೊಚಳೆಗೆ ನೀಯು!"

ಬಟನ್ ನೀರು ಬಿಟ್ಟು ಓಡಿದಳು. ಬಕೆಟ್ ಅಪ್ಪನ ಮುಖದ ಮೇಲೆ ವಾಲುವಷ್ಟರಲ್ಲಿ ಹಿಡಿದುಕೊಂಡಳು. ನೀರು ಮರಳಿಗೆ ಚೆಲ್ಲಿತು.

ಉಂಡೆಯ ತುಟಿ ಅಳುವುದಕ್ಕೆ ಸಿದ್ಧವಾಗಿ ಮುಂದೆ ಬಂತು. ಅವನು ಅತ್ತರೆ ಪಾಪು ಏಳುತ್ತದೆ. ಪಾಪು ಎದ್ದರೆ ಅಪ್ಪನೂ ಏಳುತ್ತಾನೆ. ಅಪ್ಪನ ಗಡ್ಡಕ್ಕೆ ಬಿಳಿ ದಾರದ ಚೂರೊಂದು ಇನ್ನೂ ಅಂಟಿಕೊಂಡಿತ್ತು. ಅಮ್ಮನ ಮಡಿಲಲ್ಲಿದ್ದ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳಿದ್ದವು.

ಆಚೆ ದೊಡ್ಡ ಅಲೆಗಳು ಬರುತ್ತಿದ್ದವು. ಸೂರ್ಯ ಕೆಳಗಿಳಿದಿದ್ದ. ಇನ್ನು ಸ್ವಲ್ಪವೇ ಹೊತ್ತು.

ಬಟನ್ ಉಂಡೆಯ ಮುಂದೆ ಮಂಡಿಯೂರಿ ಬೆನ್ನು ತಿರುಗಿಸಿದಳು. "ಉಪ್ಪುಮೂಟೆ ಬೇಕಾ?" ಎಂದು ಪಿಸುಗುಟ್ಟಿದಳು.

ಮುಂದೆ ಬಂದಿದ್ದ ತುಟಿ ಒಳಗೆ ಹೋಯಿತು. ಮರಳು ಮೆತ್ತಿದ ಎರಡು ದಪ್ಪ ಕಾಲುಗಳು ಅವಳ ಸೊಂಟವನ್ನು ಸುತ್ತಿಕೊಂಡವು.

ಅಮ್ಮ ತಿರುಗಿ ನೋಡಿದಳು. ಕೈ ಚಾಚಿ, ಮೇಲೆ ಸರಿದಿದ್ದ ಬಟನ್‌ಳ ಅಂಗಿಯನ್ನು ಕೆಳಗೆ ಎಳೆದು ಸರಿಮಾಡಿದಳು.

ಉಂಡೆ ಭಾರವಿದ್ದ. ಬಟನ್ ಬಗ್ಗಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಅಲೆ ತೆಳ್ಳಗೆ ಹರಡುವ ಜಾಗಕ್ಕೆ ನಡೆದಳು. ನೀರು ಬಂದು ಅವಳ ಪಾದ ತೊಳೆದು ಹೋಯಿತು.

"ಅಕ್ಕಾ," ಎಂದು ಉಂಡೆ ಅವಳ ಕಿವಿಗೆ ಬಾಯಿಟ್ಟು ಹೇಳಿದ, "ಮೊಚಳೆ ತಾಚಿ."

"ಹೂಂ ಕಣೋ," ಅಂದಳು ಬಟನ್. "ಮಲಗಲಿ ಬಿಡು."