ಇಬ್ಬರೊಳಗ ಒಬ್ಬಾಂವ

"ಏ, ಯಾರೋ ನೀ? ನನ್ನ ಮಗ್ಗಕ್ಕ ಕೈ ಹಚ್ಚಿದ್ರ ನೋಡು ಮತ್ತ!"

ನೇತ್ರಾ ರೋಹನನಿಗೆ ಆಡಿದ ಮೊದಲ ಮಾತು ಇದು. ಅವಳ ಮನೆಯವರು ಮುಂಡರಗಿ ಬಿಟ್ಟು ಬೆಟಗೇರಿಗೆ ಬಂದು ವಾರವೂ ಆಗಿರಲಿಲ್ಲ. ಪಾಪ, ಮಗ್ಗದ ರಿಪೇರಿಗೆ ಅವನನ್ನು ಕರೆಸಿದ್ದೇ ಅವಳಪ್ಪ!

"ಕೈ ಹಚ್ಚದ ರಿಪೇರಿ ಮಾಡಾಕ ನಾನೇನು ಮಂತ್ರವಾದಿ ಏನ್ರಿ?"

ಆ ಮಾತಿಗೆ ಬಿದ್ದಳು ನೋಡ್ರಿ ನಮ್ಮ ಹುಡುಗಿ! ಬಿದ್ದಾಕಿ ಮತ್ತೆ ಏಳಲೇ ಇಲ್ಲ. ಆದರೆ ಈ ವಿಷಯ ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ರೋಹನನಿಗೆ ಹಡೆದವ್ವ ಇರಲಿಲ್ಲ. ನೇತ್ರಾಳ ಬಾಜೂ ಮನೆಯ ಜನ್ನತಬಿ ಅವನನ್ನು ತನ್ನ ಒಬ್ಬನೇ ಮಗ ಮುರ್ತುಜಾನ ಜೊತೆ ಒಂದೇ ತಾಟಿನಲ್ಲಿ ಉಣಿಸಿ ಬೆಳೆಸಿದ್ದಳು. ಮಗ್ಗದ ಕೆಲಸ ಕಲಿತ ಇಬ್ಬರೂ ಗೆಳೆಯರು ಎರಡು ವರ್ಷದ ಕರಾರಿನ ಮೇಲೆ ತುರ್ಕಿ ದೇಶದ ಒಂದು ಬಟ್ಟೆ ಕಾರ್ಖಾನೆಗೆ ಹೋದರು.

ಎರಡು ವರ್ಷ ಮುಗಿಯುವ ಹೊತ್ತಿಗೆ ರೋಹನ ಫೋನ್ ಮಾಡಿದ.

"ಇನ್ನೊಂದು ವರ್ಷ ತಡಿ ನೇತ್ರಾ..."

"ತಡೀಲಾ? ಲಕ್ಷ್ಮೇಶ್ವರದವರು ನನ್ನ ನೋಡಾಕ ಬರಾಕತ್ತಾರ! ನಿನಗ ನಾ ಬೇಕಾಗಿಲ್ಲ ಬಿಡು. ಇವತ್ತಿಂದ ನನ್ನ ಪಾಲಿಗೆ ನೀ ಸತ್ತಿ!"

ಫೋನ್ ಕಟ್ ಮಾಡಿಯೇ ಬಿಟ್ಟಳು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅನ್ನೋದು, ಮರುದಿನ ತಾವೇ ರಮಿಸೋದು... ಯಾರು ಮಾಡಿಲ್ಲ ಹೇಳ್ರಿ? ಆದರೆ ನೇತ್ರಾಳಿಗೆ ಆ ಮರುದಿನ ಸಿಗಲಿಲ್ಲ.

ಬೆಳಿಗ್ಗೆ ಎದ್ದು ಟಿ.ವಿ. ಹಚ್ಚಿದರೆ ತುರ್ಕಿಯಲ್ಲಿ ಭೂಕಂಪ! ಆರಂತಸ್ತಿನ ಕಟ್ಟಡಗಳು ಕಣ್ಣೆದುರೇ ಕುಸಿಯುತ್ತಿದ್ದವು. ಹಿಮದಲ್ಲಿ ಜನ ಬರಿಗೈಯಿಂದ ಕಲ್ಲು ಸರಿಸುತ್ತಿದ್ದರು. ಹುಡುಗರಿಬ್ಬರ ಫೋನುಗಳೂ ಬಂದ್ ಆಗಿದ್ದವು.

ಎರಡು ದಿನ ಜನ್ನತಬಿ ಟಿ.ವಿ. ಮುಂದಿನಿಂದ ಏಳಲಿಲ್ಲ. ನೇತ್ರಾ ಅವಳ ಪಕ್ಕದಿಂದ ಏಳಲಿಲ್ಲ. ಓಣಿಯವರು, "ಎಂಥಾ ಕರುಳಿನ ಹುಡುಗಿ!" ಅಂದರು. ತನ್ನವನಿಗಾಗಿ ಅವಳು ನೆರೆಮನೆಯಾಕಿಯಂತೆ ಅಳಬೇಕಾಗಿತ್ತು.

ಮೂರನೇ ದಿನ ಮಧ್ಯಾಹ್ನ ಜನ್ನತಬಿಯ ಫೋನ್ ರಿಂಗಾಯಿತು. ಅಲ್ಲಿಯ ದವಾಖಾನೆಯಿಂದ ಯಾರೋ ಹಿಂದಿಯಲ್ಲಿ ಮಾತಾಡಿದರು. "ಅಮ್ಮಾ, ನಿಮ್ಮ ಮಗ ಬದುಕಿದ್ದಾನೆ. ಕಾಲಿಗೆ ಪೆಟ್ಟಾಗಿದೆ, ಇನ್ನೂ ಪೂರ್ತಿ ಎಚ್ಚರವಿಲ್ಲ. ಅದೇ ಕೋಣೆಯಲ್ಲಿದ್ದ ಇನ್ನೊಬ್ಬ ಹುಡುಗ... ಉಳಿಯಲಿಲ್ಲ."

"ನನ್ನ ಮುರ್ತುಜಾ ಬದುಕ್ಯಾನ! ಯಾ ಅಲ್ಲಾ!" ಅಂತ ಕೂಗಿದ ಜನ್ನತಬಿ, ಮರುಕ್ಷಣವೇ ಎದೆ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ರೋಹ್ಯಾ!"

ನೇತ್ರಾಳ ಕಣ್ಣಲ್ಲಿ ಹನಿ ನೀರೂ ಬರಲಿಲ್ಲ. 'ಸತ್ತಿ ಅಂದೆ... ಸತ್ತೇ ಹೋದ. ನನ್ನ ನಾಲಿಗೆನ ಅವನ್ನ ತಿಂತು.'

"ಚಾಚಿ... ನಾ ಅವನ್ನ ಲಗ್ನ ಆಗಾಕಿದ್ದೆ!"

ಜನ್ನತಬಿ ದಂಗಾದಳು. ಆಮೇಲೆ ತನ್ನ ಸಂತೋಷವನ್ನೆಲ್ಲ ಬದಿಗಿಟ್ಟು ಆ ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡಳು. "ಅಳು ಮಗಳ, ಅತ್ತುಬಿಡು. ನಾ ಅದೀನಿ." ಸಂಜೆತನಕ ಅವಳ ತಲೆ ಸವರಿದಳು, ತುತ್ತು ಮಾಡಿ ಬಾಯಿಗಿಟ್ಟಳು.

ಮರುದಿನ ಮುಂಜಾನೆ ಮತ್ತೆ ಫೋನ್ ಬಂತು. ಸ್ಪೀಕರಿನಲ್ಲಿ ಕ್ಷೀಣ ದನಿ.

"ಅಮ್ಮೀ... ನಾ ರೋಹನ..."

ಕಾರ್ಖಾನೆಯ ಕಾಗದದಲ್ಲಿ ತಾಯಿ ಅಂತ ಇಬ್ಬರೂ ಬರೆಸಿದ್ದು ಒಂದೇ ಹೆಸರು, ಒಂದೇ ನಂಬರ್!

ಬದುಕ್ಯಾನ! ನನ್ನ ರೋಹನ ಬದುಕ್ಯಾನ! ನೇತ್ರಾಳ ಜೀವ ಜಿಗಿಯಿತು. ಅದೇ ಹೊತ್ತಿಗೆ ಎದುರಿಗೆ ಜನ್ನತಬಿ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಜಾರಿದಳು. ಫೋನಿನಲ್ಲಿ ರೋಹನ "ಅಮ್ಮೀ, ನೇತ್ರಾ ಅದಾಳೇನು?" ಅನ್ನುತ್ತಿದ್ದ. ನೇತ್ರಾ ಅವಳ ಕೈಯಿಂದ ಫೋನ್ ತೆಗೆದು ಕೆಳಗಿಟ್ಟು ಆ ತಾಯಿಯನ್ನು ತಬ್ಬಿಕೊಂಡಳು. ಅವನಿಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಬಂದ ಫೋನುಗಳನ್ನೂ ಎತ್ತಲಿಲ್ಲ.

ಮುರ್ತುಜಾನನ್ನು ಅಲ್ಲಿಯೇ ಮಣ್ಣು ಮಾಡಿದರು.

ಎರಡು ತಿಂಗಳಿಗೆ ರೋಹನ ಊರುಗೋಲು ಹಿಡಿದು ಬಂದ. ಜನ್ನತಬಿ ಬಾಗಿಲು ತೆರೆಯಲಿಲ್ಲ. ಅವನು ಮನೆ ಮುಂದಿನ ಕಟ್ಟೆ ಬಿಟ್ಟು ಏಳಲಿಲ್ಲ. ಎರಡನೇ ದಿನ ನೇತ್ರಾ ಹೋಗಿ ಪಕ್ಕದಲ್ಲಿ ಕೂತಳು.

"ಇನ್ನೂ ಸಿಟ್ಟೇನು? ಆವತ್ತ ಮಾತಾಡಲಿಲ್ಲ..."

"ಸಿಟ್ಟಲ್ಲೋ! ನಿನ್ನ ದನಿ ಕೇಳಿ ನನಗ ಖುಷಿ ಆತು... ಚಾಚಿ ಎದುರಿಗೇ ಖುಷಿ ಆತು! ಆ ನಾಚಿಕಿಗೆ ಮಾತು ಬರಲಿಲ್ಲ. ಲಕ್ಷ್ಮೇಶ್ವರದವರಿಗೆ ಒಲ್ಲೆ ಅಂತ ನಾನ ಹೇಳಿ ಕಳಿಸೀನಿ. ನೀ ನನಗ ಬೇಕು ರೋಹನ."

"ಮೊದಲ ನನ್ನ ಹೊರಗ ಎಳದ್ರು ನೇತ್ರಾ. ಅವಗ ಇನ್ನೂ ಜೀವ ಇತ್ತು, ಮಾತಾಡಾಕತ್ತಿದ್ದ. ನಾ ಯಾವ ಮುಖಾ ಹೊತ್ತು ಲಗ್ನ ಆಗಲಿ?"

ಹಿಂದೆ ಬಾಗಿಲು ಸರಿಯಿತು. ಜನ್ನತಬಿ!

"ಏನಂದನೋ ಅವ? ಕಡೀಕ ಏನಂದ, ಹೇಳು!"

"'ಅಮ್ಮೀಗೆ ಫೋನ್ ಮಾಡು, ದಾರಿ ಕಾಯ್ತಿರ್ತಾಳ' ಅಂದ..."

ಜನ್ನತಬಿ ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ಅತ್ತಳು.

"ನೀ ಬದುಕಿದ್ದಕ್ಕ ನನಗ ಸಿಟ್ಟು ಬಂದಿತ್ತೋ ರೋಹ್ಯಾ. ಖರೇನ ಹೇಳ್ತೀನಿ. ಇವ ಯಾಕ, ಅವ ಯಾಕಲ್ಲ ಅಂತ..." ಅವನ ಗಲ್ಲ ಹಿಡಿದಳು. "ಒಳಗ ಬಾ. ಸಿಟ್ಟು ಮಾಡಬೇಕಂದ್ರೂ ನನಗ ಇನ್ನೊಬ್ಬ ಮಗ ಎಲ್ಲಿ ಅದಾನ?"

ಅವಳು ಒಳಗೆ ನಡೆದಳು. ನೇತ್ರಾ ಅವನ ತೋಳು ಹಿಡಿದು ಎಬ್ಬಿಸಿದಳು.

"ನನ್ನ ಕೂಡ ಬಂದ್ರ ಅಳೋದ ಆಗತೈತಿ ನೇತ್ರಾ... ಎಷ್ಟು ದಿನಾನೋ ಗೊತ್ತಿಲ್ಲ."

"ಅಳೂನು ಬಿಡು. ನೀ ಒಬ್ಬನ, ನಾ ಒಬ್ಬಾಕಿನ, ಆಕಿ ಒಬ್ಬಾಕಿನ ಅಳೂದು ಬ್ಯಾಡ. ಮೂರೂ ಮಂದಿ ಕೂಡೇ ಅಳೂನು."